ಬೆನ್ನು ತಿರುಗಿಸಿ ನಿಂತ ಅಬ್ರಹಾಮ: ಯೆಹೂದಿ ಕಲೆ, ಅದರ ಚರಿತ್ರೆ ಮತ್ತು ಗುರುತು

ಸಿರಿಯಾದ ರಾಜಧಾನಿ ದಮಾಸ್ಕಸ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮೂರನೆಯ ಶತಮಾನದ ಒಂದು ಯೆಹೂದಿ ಪ್ರಾರ್ಥನಾಮಂದಿರದ ಬಣ್ಣದ ಗೋಡೆಗಳನ್ನು ಮರುಜೋಡಿಸಿ ನಿಲ್ಲಿಸಲಾಗಿದೆ. ಪಶ್ಚಿಮದ ಗೋಡೆಯ ನಡುವೆ, ಧರ್ಮಗ್ರಂಥದ ಸುರುಳಿಯನ್ನಿಡಲು ಮಾಡಿದ ಗೂಡಿನ ನೆತ್ತಿಯಲ್ಲಿ ಒಂದು ಚಿಕ್ಕ ಚಿತ್ರವಿದೆ. ದೇವರ ಅಪ್ಪಣೆಯಂತೆ ಮಗನನ್ನು ಬಲಿಕೊಡಲು ಚೂರಿ ಹಿಡಿದ, ಯೆಹೂದಿಗಳ ಮೂಲಪುರುಷ ಅಬ್ರಹಾಮ ನಮಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಬಲಿಪೀಠದ ಮೇಲೆ ಮಲಗಿರುವ ಮಗ ಇಸಾಕನ ಮುಖವೂ ಕಾಣುವುದಿಲ್ಲ. ಹತ್ತಿರದಲ್ಲೇ ಮರವಿದೆ, ಮಗನಿಗೆ ಬದಲಾಗಿ ಬಲಿಯಾಗಬೇಕಾದ ಟಗರಿದೆ, ಮೇಲಿನಿಂದ ಇಳಿದುಬಂದ ಒಂದು ಕೈ ಇದೆ. ದೇವರ ಇರವನ್ನು ತೋರಿಸಲು ಚಿತ್ರಕಾರ ಬಳಸಿಕೊಂಡದ್ದು ಆ ಕೈಯೊಂದನ್ನು ಮಾತ್ರ. ಚಿತ್ರ ಬರೆಯಲೇಬೇಕು, ಆದರೆ ಯಾರನ್ನೂ ಪೂಜೆಗೆ ಒಡ್ಡಿದಂತೆ ಆಗಬಾರದು ಎಂಬ ಇಕ್ಕಟ್ಟು ಆ ಬೆನ್ನಿನಲ್ಲಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಯೆಹೂದಿ ಕಲೆಯ ಬಗ್ಗೆ ಹೇಳಬೇಕಾದ ಬಹಳಷ್ಟು ಮಾತು ಈ ಚಿತ್ರದಿಂದಲೇ ಶುರುವಾಗಬಹುದು.

ಈ ಮಂದಿರವಿದ್ದದ್ದು ಯೂಫ್ರೆಟಿಸ್ ನದಿಯ ದಂಡೆಯ ದುರಾ ಯುರೋಪೋಸ್ ಎಂಬ ಗಡಿಪಟ್ಟಣದಲ್ಲಿ. ಚಾವಣಿಯ ಹೆಂಚುಗಳ ಮೇಲಿನ ಬರಹದಿಂದ ಮಂದಿರವನ್ನು ನವೀಕರಿಸಿದ ವರ್ಷ ಕ್ರಿ.ಶ. 244–245 ಎಂದು ಗೊತ್ತಾಗುತ್ತದೆ. ಆ ಕಾಲದ ಹಿರಿಯನಾಗಿದ್ದ ಸಮುವೇಲನ ಹೆಸರೂ ಅಲ್ಲಿದೆ. ಕ್ರಿ.ಶ. 256ರ ಹೊತ್ತಿಗೆ ಪರ್ಷಿಯಾದ ಸಾಸಾನಿ ಸೈನ್ಯ ಪಟ್ಟಣವನ್ನು ಮುತ್ತಿದಾಗ, ಒಳಗಿದ್ದ ರೋಮನ್ ಪಡೆ ಕೋಟೆಯ ಗೋಡೆಯನ್ನು ಬಲಪಡಿಸಲು ಅದರ ಪಕ್ಕದ ಬೀದಿಯನ್ನೂ ಮನೆಗಳನ್ನೂ ಮಣ್ಣಿನಿಂದ ತುಂಬಿಬಿಟ್ಟಿತು. ಪಟ್ಟಣ ಉಳಿಯಲಿಲ್ಲ, ಆದರೆ ಮಣ್ಣಿನಡಿ ಹೂತುಹೋದ ಚಿತ್ರಗಳು ಉಳಿದವು. ಹೊಸ ಬಣ್ಣ ಕಂಡ ಸುಮಾರು ಹನ್ನೆರಡು ವರ್ಷಕ್ಕೇ ಕತ್ತಲು ಸೇರಿದ ಆ ಗೋಡೆಗಳು ಮತ್ತೆ ಬೆಳಕಿಗೆ ಬಂದದ್ದು 1932ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರೆಂಚ್ ವಿದ್ವಾಂಸರು ಕೂಡಿ ನಡೆಸಿದ ಉತ್ಖನನದಲ್ಲಿ. ನೀರಿನಲ್ಲಿ ನಿಂತ ಬೆತ್ತಲೆ ಹೆಣ್ಣೊಬ್ಬಳು ಕೂಸು ಮೋಶೆಯನ್ನು ಎತ್ತಿಹಿಡಿದ ದೃಶ್ಯ, ಕೆಂಪು ಸಮುದ್ರವನ್ನು ದಾಟುವ ಜನಸಮೂಹ, ಒಣಗಿದ ಎಲುಬುಗಳಿಗೆ ಜೀವ ಬರುವುದನ್ನು ಕಾಣುವ ಪ್ರವಾದಿ ಯೆಹೆಜ್ಕೇಲ, ದಾವೀದನಿಗೆ ಪಟ್ಟಾಭಿಷೇಕ ಮಾಡುವ ಪ್ರವಾದಿ ಸಮುವೇಲ, ಹೀಗೆ ಇಡೀ ಗೋಡೆಯೇ ಕಥೆಗಳ ಸಾಲಾಗಿತ್ತು. ಯೆಹೂದಿಗಳು ಚಿತ್ರ ಬರೆಯುವವರೇ ಅಲ್ಲ ಎಂದು ಅಲ್ಲಿಯವರೆಗೆ ನಂಬಿದ್ದ ವಿದ್ವತ್ತಿಗೆ ಇದನ್ನು ಅರಗಿಸಿಕೊಳ್ಳಲು ಕಷ್ಟವಾಯಿತು.

ಆ ನಂಬಿಕೆ ಹುಟ್ಟಿದ್ದು ದಶಾಜ್ಞೆಗಳ ಎರಡನೆಯದರಿಂದ. ಮೇಲೆ ಆಕಾಶದಲ್ಲಾಗಲಿ ಕೆಳಗೆ ಭೂಮಿಯಲ್ಲಾಗಲಿ ನೀರಿನಲ್ಲಾಗಲಿ ಇರುವ ಯಾವುದರ ರೂಪವನ್ನೂ ಮಾಡಿಕೊಳ್ಳಬಾರದು, ಅವುಗಳಿಗೆ ಅಡ್ಡಬೀಳಬಾರದು, ಪೂಜಿಸಬಾರದು ಎಂಬುದು ಅದರ ಒಟ್ಟು ತಾತ್ಪರ್ಯ. ಮೊದಲರ್ಧವನ್ನು ಮಾತ್ರ ಓದಿದರೆ ಚಿತ್ರಕಲೆಗೆ ಬಾಗಿಲು ಮುಚ್ಚಿದಂತೆ ತೋರುತ್ತದೆ. ಎರಡನೆಯ ಅರ್ಧವನ್ನೂ ಸೇರಿಸಿ ಓದಿದರೆ ಬೇಡವೆಂದದ್ದು ಪೂಜೆಗಾಗಿ ಮಾಡಿದ ವಿಗ್ರಹವನ್ನು ಎಂದಾಗುತ್ತದೆ. ಈ ಆಜ್ಞೆಯಿರುವ ಬೈಬಲಿನ ವಿಮೋಚನಕಾಂಡದಲ್ಲೇ ಜನರು ಚಿನ್ನದ ಕರುವನ್ನು ಎರಕಹೊಯ್ದು ಅದರ ಸುತ್ತ ಕುಣಿದದ್ದು ಮಹಾಪಾಪವಾಗುತ್ತದೆ; ಅದೇ ಗ್ರಂಥದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ಅವನಲ್ಲಿ ಜ್ಞಾನವಿವೇಕಗಳನ್ನು ತುಂಬಿ, ಆಜ್ಞೆಗಳನ್ನಿಡುವ ಮಂಜೂಷದ ಮೇಲೆ ರೆಕ್ಕೆ ಬಿಚ್ಚಿದ ಎರಡು ಚಿನ್ನದ ಕೆರೂಬಿಗಳನ್ನೂ (ದೇವಲೋಕದ ಜೀವಿಗಳು) ಏಳು ಕವಲಿನ ದೀಪಸ್ತಂಭವನ್ನೂ ಮಾಡಿಸುತ್ತಾನೆ. ಚಿನ್ನ ಒಂದೇ. ಮಾಡಿದ್ದು ಯಾತಕ್ಕಾಗಿ ಎಂಬುದರಲ್ಲಿ ವ್ಯತ್ಯಾಸ.

ಈ ವ್ಯತ್ಯಾಸವನ್ನು ಎಲ್ಲಿ ಎಳೆಯಬೇಕೆಂಬ ವಾದ ನಂತರದ ಶತಮಾನಗಳಲ್ಲಿ ಎಂದೂ ಮುಗಿಯಲಿಲ್ಲ. ಧರ್ಮಶಾಸ್ತ್ರದ ಹಳೆಯ ಸಂಕಲನವಾದ ಮಿಶ್ನಾದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಅಕ್ಕೊ ಪಟ್ಟಣದಲ್ಲಿ ಗ್ರೀಕ್ ದೇವತೆ ಅಫ್ರೋಡೈಟಿಯ ಪ್ರತಿಮೆಯಿದ್ದ ಸ್ನಾನಗೃಹದಲ್ಲಿ ಸ್ನಾನ ಮಾಡುತ್ತಿದ್ದ ರಬ್ಬಿ (ಧರ್ಮಗುರು) ಗಮಲಿಯೇಲನನ್ನು ಒಬ್ಬಾತ ತಡೆದು, ನಿಮ್ಮ ಧರ್ಮ ಇದನ್ನು ಒಪ್ಪುತ್ತದೆಯೇ ಎಂದು ಕೇಳುತ್ತಾನೆ. ನಾನು ಅವಳ ಎಲ್ಲೆಗೆ ಬಂದವನಲ್ಲ, ಅವಳೇ ನನ್ನ ಎಲ್ಲೆಗೆ ಬಂದವಳು ಎನ್ನುವುದು ರಬ್ಬಿಯ ಉತ್ತರ. ಸ್ನಾನಗೃಹದ ಅಲಂಕಾರಕ್ಕೆ ನಿಲ್ಲಿಸಿದ ಪ್ರತಿಮೆಯನ್ನು ಯಾರೂ ದೇವರೆಂದು ಕಾಣುವುದಿಲ್ಲ ಎಂಬುದು ಅದರ ಒಳತರ್ಕ. ದುರಾದ ಚಿತ್ರಗಳು ಮೂಡಿದ ಮೂರನೆಯ ಶತಮಾನದಲ್ಲೇ, ಜನ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿದಾಗ ರಬ್ಬಿ ಯೋಹಾನಾನ್ ತಡೆಯಲಿಲ್ಲ ಎಂಬ ಮಾತು ಮಿಶ್ನಾದ ಮೇಲಿನ ಚರ್ಚೆಗಳ ಸಂಕಲನವಾದ ಜೆರುಸಲೇಮಿನ ತಲ್ಮೂದಿನಲ್ಲಿ ದಾಖಲಾಗಿದೆ. ಆದರೆ ಲೋಲಕ ಇನ್ನೊಂದು ಕಡೆಗೂ ತೂಗಿದ್ದುಂಟು. ಜೆರಿಕೋ ಸಮೀಪದ ನಾರಾನ್ ಎಂಬಲ್ಲಿ, ಆರನೆಯ ಶತಮಾನದ ಪ್ರಾರ್ಥನಾಮಂದಿರದ ನೆಲದ ಬಣ್ಣಗಲ್ಲಿನ ಚಿತ್ರದಿಂದ ಮನುಷ್ಯರ ಮತ್ತು ಪ್ರಾಣಿಗಳ ರೂಪಗಳನ್ನು ಯಾರೋ ಕಿತ್ತುಹಾಕಿದ್ದಾರೆ. ಪಕ್ಕದಲ್ಲೇ ಇದ್ದ ಹೀಬ್ರೂ ಅಕ್ಷರಗಳಿಗೆ ಮಾತ್ರ ಪೆಟ್ಟು ಬೀಳದಂತೆ ನೋಡಿಕೊಂಡಿದ್ದಾರೆ. ಅಕ್ಷರವನ್ನು ಅಷ್ಟು ಜೋಪಾನ ಮಾಡಿದವರು ಹೊರಗಿನವರಾಗಿರಲಾರರು. ಒಂದು ತಲೆಮಾರು ಆಸೆಪಟ್ಟು ಹಾಕಿಸಿದ ನೆಲವನ್ನು ಇನ್ನೊಂದು ತಲೆಮಾರು ಕೆರೆದು ತೆಗೆಯಿತು.

ಹಾಗಾದರೆ ಯಾವುದನ್ನು ನೋಡಿ ಇದು ಯೆಹೂದಿ ಕಲೆ ಎಂದು ಗುರುತಿಸುವುದು? ಶೈಲಿಯಿಂದ ಗುರುತಿಸಲು ಹೊರಟವರಿಗೆ ನಿರಾಶೆ ಖಂಡಿತ. ಗ್ರೀಕ್ ದೇವಾಲಯವೆಂದರೆ, ಚೋಳರ ಕಂಚೆಂದರೆ ಕಣ್ಣಿಗೆ ಕಟ್ಟುವ ಒಂದು ರೂಪವುಂಟು. ಯೆಹೂದಿ ಶೈಲಿ ಎಂಬ ಅಂಥದೊಂದು ರೂಪ ಇಲ್ಲ. ಎರಡು ಸಾವಿರ ವರ್ಷ ಬೇರೆಬೇರೆ ರಾಜ್ಯಗಳಲ್ಲಿ ಅಲ್ಪಸಂಖ್ಯಾತರಾಗಿ ಬದುಕಿದ ಸಮುದಾಯ ಆಯಾ ಊರಿನ ಕುಂಚ, ಉಳಿ, ಬಣ್ಣಗಳನ್ನೇ ತನ್ನದಾಗಿಸಿಕೊಂಡಿತು. ಈ ಕಲೆಯ ಸೂತ್ರ ನನಗೆ ಕಾಣುವುದು ಬೇರೆ ಕಡೆ, ಪಸ್ಕ ಹಬ್ಬದ ರಾತ್ರಿ ಊಟದ ಮೇಜಿನ ಸುತ್ತ ಓದುವ ಒಂದು ವಿಧಿವಾಕ್ಯದಲ್ಲಿ. ಈಜಿಪ್ಟಿನ ದಾಸ್ಯದಿಂದ ತಾನೇ ಸ್ವತಃ ಹೊರಬಂದವನು ಎಂಬಂತೆ ಪ್ರತಿ ತಲೆಮಾರಿನಲ್ಲೂ ಪ್ರತಿಯೊಬ್ಬನೂ ತನ್ನನ್ನು ಕಂಡುಕೊಳ್ಳಬೇಕು ಎನ್ನುತ್ತದೆ ಅದು. ಚರಿತ್ರೆಯನ್ನು ಕೇಳಿ ತಿಳಿದರೆ ಸಾಲದು, ಅದರೊಳಗೆ ತಾನು ನಿಂತಿರುವುದನ್ನು ಕಾಣಬೇಕು. ಇಂಥ ಕಟ್ಟಳೆಯಿರುವ ಜನರ ಚಿತ್ರಗಳಲ್ಲಿ ಹಳೆಯ ಕಥೆಯ ಪಾತ್ರಗಳು ಬರೆಯುವವನ ಕಾಲದ ಬಟ್ಟೆ ತೊಟ್ಟು ಬರುವುದು ಸಹಜ.

ದುರಾದ ಗೋಡೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು. ಮೋಶೆ, ಸಮುವೇಲರು ತೊಟ್ಟಿರುವುದು ಗ್ರೀಕ್ ಮೇಲುಹೊದಿಕೆಯನ್ನು. ಬೈಬಲಿನ ಎಸ್ತೇರಳ ಕಥೆಯ ಪರ್ಷಿಯಾದ ರಾಜ ಅಹಷ್ವೇರೋಷನೂ ಕುದುರೆಯೇರಿದ ಮೊರ್ದೆಕೈಯೂ ಪರ್ಷಿಯನ್ನರ ಷರಾಯಿ ತೊಟ್ಟಿದ್ದಾರೆ. ರೋಮ್ ಮತ್ತು ಪರ್ಷಿಯಾ ಎರಡರ ನಡುವೆ ಸಿಕ್ಕಿದ ಆ ಪಟ್ಟಣದ ಬೀದಿಯಲ್ಲಿ ದಿನವೂ ಕಾಣುತ್ತಿದ್ದ ಉಡುಪುಗಳೇ ಅವು. ಚಿತ್ರಗಳ ಮೇಲೆಯೇ ಪಾರಸಿ ಭಾಷೆಯಲ್ಲಿ, ಇಂಥ ದಿನ ಬಂದು ಇದನ್ನು ನೋಡಿದೆವು ಎಂದು ಸಂದರ್ಶಕರು ಗೀಚಿದ್ದಾರೆ. ಸ್ಮಾರಕಗಳ ಮೇಲೆ ಹೆಸರು ಗೀಚುವ ಚಟಕ್ಕೆ ಇಷ್ಟು ವಯಸ್ಸಾಗಿದೆ ಎಂಬುದನ್ನು ತಿಳಿದು ನಗು ಬಂದರೂ, ವಿದ್ವಾಂಸರಿಗೆ ಆ ಗೀಚುಗಳೇ ಅಮೂಲ್ಯ ದಾಖಲೆಗಳಾದವು.

ಗುರುತಿನ ಮಾತಿಗೆ ಬಂದರೆ ಮೊದಲು ಹೇಳಬೇಕಾದದ್ದು ಏಳು ಕವಲಿನ ದೀಪಸ್ತಂಭ, ಅಂದರೆ ಮೆನೋರಾದ ಕಥೆಯನ್ನು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟು, ಅದರ ಸಂಪತ್ತನ್ನು ರೋಮಿಗೆ ಹೊತ್ತೊಯ್ದರು. ಅಲ್ಲಿ ಟೈಟಸ್ ಚಕ್ರವರ್ತಿಯ ವಿಜಯ ಕಮಾನಿನ ಒಳಗೋಡೆಯಲ್ಲಿ, ಮೆನೋರಾವನ್ನು ಹೆಗಲ ಮೇಲೆ ಹೊತ್ತು ಸಾಗುವ ಮೆರವಣಿಗೆಯ ಉಬ್ಬುಶಿಲ್ಪ ಇಂದಿಗೂ ಇದೆ. 2012ರಲ್ಲಿ ನಡೆದ ಪರೀಕ್ಷೆಯಲ್ಲಿ ಆ ಮೆನೋರಾಕ್ಕೆ ಒಂದು ಕಾಲಕ್ಕೆ ಹಳದಿ ಬಣ್ಣ ಬಳಿದಿದ್ದ ಗುರುತು ಸಿಕ್ಕಿತು. ದೇವಾಲಯದಲ್ಲಿದ್ದಂಥದೇ ಏಳು ಕವಲಿನ ದೀಪವನ್ನು ಮತ್ತೆ ಮಾಡಬಾರದೆಂದು ತಲ್ಮೂದ್ ವಿಧಿಸಿತು. ಆದರೆ ದೀಪವನ್ನು ಮಾಡದಿದ್ದರೂ ಅದರ ಚಿತ್ರವನ್ನು ಬಿಡಲಿಲ್ಲ: ಸಮಾಧಿಗಳ ಕಲ್ಲಿನಲ್ಲಿ, ಮಂದಿರಗಳ ನೆಲದಲ್ಲಿ, ಎಣ್ಣೆಯ ಹಣತೆಗಳಲ್ಲಿ ಏಳು ಕವಲುಗಳು ಎಲ್ಲೆಲ್ಲೂ ಕಾಣತೊಡಗಿದವು. ಕಳೆದುಕೊಂಡ ವಸ್ತು ಹೀಗೆ ಗುರುತಾಯಿತು. 1949ರಲ್ಲಿ ಇಸ್ರೇಲ್ ರಾಷ್ಟ್ರ ತನ್ನ ಲಾಂಛನವನ್ನು ಆರಿಸಿಕೊಂಡಾಗ, ವಿನ್ಯಾಸಕಾರರಾದ ಶಮೀರ್ ಸಹೋದರರು ಮೆನೋರಾದ ಆಕಾರವನ್ನು ತೆಗೆದುಕೊಂಡದ್ದು ಸೋಲನ್ನು ಮೆರೆಸಿದ ಅದೇ ರೋಮನ್ ಕಮಾನಿನಿಂದ. ಹನುಕ್ಕಾ ಹಬ್ಬದಲ್ಲಿ ಹಚ್ಚುವ ದೀಪ ಇದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದರಲ್ಲಿ ಎಂಟು ದಿನಗಳಿಗೆ ಎಂಟು ದೀಪ, ಅವನ್ನು ಹಚ್ಚಲು ಇನ್ನೊಂದು, ಒಟ್ಟು ಒಂಬತ್ತು ಇರುತ್ತವೆ.

ಇದಕ್ಕೆ ಹೋಲಿಸಿದರೆ ದಾವೀದನ ನಕ್ಷತ್ರವೆಂಬ ಷಟ್ಕೋಣ ತೀರ ಇತ್ತೀಚಿನದು. ನಮ್ಮ ಯಂತ್ರಗಳಲ್ಲೂ ಇಸ್ಲಾಮೀ ಕುಸುರಿಯಲ್ಲೂ ಇರುವ ಈ ಆಕೃತಿ ಯೆಹೂದಿ ಸಮುದಾಯದ ಗುರುತಾಗಿ ಮೊದಲು ನೆಲೆಯೂರಿದ್ದು ಮಧ್ಯಯುಗದ ಪ್ರಾಗ್ ನಗರದಲ್ಲಿ. ಎಲ್ಲೆಡೆ ಹರಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಾಜಿಗಳು 1941ರಲ್ಲಿ ಜರ್ಮನಿಯ ಯೆಹೂದಿಗಳ ಎದೆಯ ಮೇಲೆ ಹಳದಿ ಬಟ್ಟೆಯಲ್ಲಿ ಹೊಲಿಸಿದ್ದು ಅದನ್ನೇ, 1948ರಲ್ಲಿ ಇಸ್ರೇಲಿನ ಧ್ವಜದ ಮೇಲೆ ಹಾರಿದ್ದೂ ಅದೇ.

ದೇವಾಲಯ ಹೋದ ಮೇಲೆ ಉಳಿದದ್ದು ಗ್ರಂಥ. ಸ್ಥಾವರ ಅಳಿದು ಜಂಗಮ ಉಳಿಯಿತು ಎಂದರೆ ಕನ್ನಡಿಗರಿಗೆ ಬೇಗ ಅರ್ಥವಾದೀತು. ಹೊತ್ತು ಸಾಗಿಸಬಹುದಾದ ವಸ್ತುಗಳ ಸುತ್ತಲೇ ಕಲೆ ಬೆಳೆಯಿತು. ಪ್ರಾರ್ಥನೆಯಲ್ಲಿ ಓದುವ ತೋರಾ, ಅಂದರೆ ಧರ್ಮಗ್ರಂಥದ ಸುರುಳಿಯಲ್ಲಿ ಮಾತ್ರ ಚಿತ್ರವಿರಲಿ, ಸ್ವರಚಿಹ್ನೆಯೂ ಇರಬಾರದು. ಒಂದಕ್ಷರ ತಪ್ಪಿದರೂ, ತಿದ್ದುವ ತನಕ ಅದು ಓದಿಗೆ ಬಾರದು. ಹಾಗಾಗಿ ಅಲಂಕಾರವೆಲ್ಲ ಅದರ ಮೈಮೇಲೆ ಬಂದಿತು: ಕಸೂತಿ ಹಾಕಿದ ಮಕಮಲ್ಲಿನ ಹೊದಿಕೆ, ಕೋಲುಗಳ ತುದಿಗೆ ದಾಳಿಂಬೆ ಎಂದೇ ಹೆಸರಾದ ಬೆಳ್ಳಿಯ ಗುಬ್ಬಿಗಳು, ಚರ್ಮದ ಹಾಳೆಯನ್ನು ಬೆರಳಿನಿಂದ ಮುಟ್ಟದೆ ಸಾಲು ಹಿಡಿದು ಓದಲು ತುದಿಯಲ್ಲಿ ಪುಟ್ಟ ಹಸ್ತವಿರುವ ಬೆಳ್ಳಿಯ ಕಡ್ಡಿ. ಅಧ್ಯಯನಕ್ಕಾಗಿ ಹೊತ್ತಿಗೆಯ ರೂಪದಲ್ಲಿ ಬರೆದ ಬೈಬಲ್ ಪ್ರತಿಗಳಲ್ಲಿ ಲಿಪಿಕಾರರು ಇನ್ನೂ ಜಾಣ ದಾರಿ ಹುಡುಕಿದರು. ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣ ಅಕ್ಷರಗಳ ಸಾಲನ್ನೇ ಗೆರೆಯಾಗಿ ಬಳಸಿ ಹೂವು, ನಕ್ಷತ್ರ, ಕಮಾನುಗಳನ್ನು ಮೂಡಿಸಿದರು. 1008ರ ಸುಮಾರಿಗೆ ಕೈರೋದಲ್ಲಿ ಸಿದ್ಧವಾಗಿ ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ ಹೊತ್ತಿಗೆಯಲ್ಲಿ ಇಂಥ ಪುಟಗಳಿವೆ. ದೂರದಿಂದ ನೋಡಿದರೆ ಅವು ಅದೇ ಕಾಲದ ಕುರಾನ್ ಪ್ರತಿಗಳ ಕುಸುರಿ ಪುಟಗಳನ್ನೇ ನೆನಪಿಸುತ್ತವೆ.

ಇವನ್ನೆಲ್ಲ ಮಾಡಿದವರು ಯೆಹೂದಿಗಳೇ ಆಗಿರಬೇಕಿಲ್ಲ ಎಂಬುದು ಹಲವರಿಗೆ ಅಚ್ಚರಿಯಾದೀತು. ಜರ್ಮನ್ ನಗರಗಳಲ್ಲಿ ಅಕ್ಕಸಾಲಿಗರ ಸಂಘಗಳು ಯೆಹೂದಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ, ತೋರಾದ ಬೆಳ್ಳಿ ಆಭರಣಗಳನ್ನು ಬಹುಪಾಲು ಕ್ರೈಸ್ತ ಅಕ್ಕಸಾಲಿಗರೇ ಮಾಡಿಕೊಡುತ್ತಿದ್ದರು. ಇಂಥದೇ ಒಂದು ಎಳೆ ನಮ್ಮ ಕರಾವಳಿಯವರೆಗೂ ಬಂದಿದೆ. ದೇವರ ಹೆಸರಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದೆಂಬ ನಿಯಮದಿಂದಾಗಿ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳ ರಾಶಿಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಪತ್ರಗಳು ಸಿಕ್ಕಿವೆ. ಟ್ಯುನೀಸಿಯಾ ಮೂಲದ ಈತ 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಅವುಗಳಲ್ಲಿದೆ. ಪಶ್ಚಿಮ ಕರಾವಳಿಯಲ್ಲಿ ಆತ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇದನ್ನು ಕರಗಿಸಿ ಇಂಥ ದೀಪ, ಇಂಥ ಬೋಗುಣಿ ಮಾಡಿಸಿಕೊಡು ಎಂದು ಕೇಳುತ್ತಿದ್ದರು. ಏಡನ್ನಿನ ಯೆಹೂದಿ ಮನೆಯ ದೀಪ ನಮ್ಮ ಕರಾವಳಿಯ ಕಂಚುಗಾರರ ಕೈಯಿಂದ ಹೋಗುತ್ತಿತ್ತು.

ಮತ್ತೆ ಪಸ್ಕದ ಮೇಜಿಗೆ ಬರೋಣ. ಆ ರಾತ್ರಿ ಓದುವ ಪುಸ್ತಕಕ್ಕೆ ಹಗ್ಗಾದಾ ಎಂದು ಹೆಸರು. ಮನೆಯಲ್ಲಿ ಮಕ್ಕಳೂ ಸೇರಿ ನೋಡುವ ಪುಸ್ತಕವಾದ್ದರಿಂದ ಚಿತ್ರಕ್ಕೆ ಇಲ್ಲಿ ಧಾರಾಳ ಎಡೆ ಸಿಕ್ಕಿತು. ಇವುಗಳಲ್ಲಿ ವಿಚಿತ್ರವಾದದ್ದು 1300ರ ಸುಮಾರಿಗೆ ದಕ್ಷಿಣ ಜರ್ಮನಿಯಲ್ಲಿ ಸಿದ್ಧವಾಗಿ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿರುವ ಪ್ರತಿ. ಅದರಲ್ಲಿ ಯೆಹೂದಿಗಳ ಮೈಯೆಲ್ಲ ಮನುಷ್ಯರದು, ತಲೆ ಮಾತ್ರ ಹಕ್ಕಿಯದು. ಕೊಕ್ಕಿರುವ ಗಂಡಸರು ಹುಳಿಯಿಲ್ಲದ ರೊಟ್ಟಿಯ ಹಿಟ್ಟು ನಾದುತ್ತಾರೆ, ಮೋಶೆಯಿಂದ ಆಜ್ಞೆಗಳನ್ನು ಪಡೆಯುತ್ತಾರೆ. ಅವರ ತಲೆಯ ಮೇಲೆ ಚೂಪು ಟೋಪಿ ಬೇರೆ. ಆ ಟೋಪಿಯ ಹಿಂದೊಂದು ಕಾನೂನಿದೆ: ಯೆಹೂದಿಗಳು ಉಡುಪಿನಿಂದಲೇ ಬೇರೆಯೆಂದು ಕಾಣಬೇಕೆಂದು 1215ರ ಕ್ರೈಸ್ತ ಧರ್ಮಸಭೆ ವಿಧಿಸಿತ್ತು. ಹಕ್ಕಿಯ ತಲೆ ಏಕೆ ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮನುಷ್ಯಮುಖ ಬರೆಯುವ ಅಳುಕು ಎನ್ನುವವರಿದ್ದಾರೆ, ಹದ್ದಿನ ರೆಕ್ಕೆಯ ಮೇಲೆ ಹೊತ್ತು ತಂದೆನೆಂಬ ದೇವರ ಮಾತಿನ ಸೂಚನೆ ಎನ್ನುವವರೂ ಇದ್ದಾರೆ. ನನಗೆ ಕುತೂಹಲ ಹುಟ್ಟಿಸುವುದು ಟೋಪಿಯೇ. ಹೊರಗಿನವರು ಅವಮಾನಕ್ಕೆಂದು ಹೇರಿದ ಗುರುತನ್ನು ಚಿತ್ರಕಾರ ಮೂರು ಸಾವಿರ ವರ್ಷ ಹಿಂದಿನ ಪೂರ್ವಿಕರ ತಲೆಗೂ ತೊಡಿಸಿ, ಅವರು ನಾವೇ ಎಂದು ಹೇಳಿಬಿಟ್ಟಿದ್ದಾನೆ.

ಸರಯೇವೊ ನಗರದ ಹೆಸರಿನಿಂದ ಪ್ರಸಿದ್ಧವಾದ ಇನ್ನೊಂದು ಹಗ್ಗಾದಾ ತನ್ನ ಚಿತ್ರಗಳಷ್ಟೇ ತನ್ನ ಅಲೆದಾಟಕ್ಕೂ ಹೆಸರಾಗಿದೆ. ಸುಮಾರು 1350ರಲ್ಲಿ ಸ್ಪೇನಿನ ಬಾರ್ಸಿಲೋನಾ ಪ್ರಾಂತ್ಯದಲ್ಲಿ ತೆಳುವಾದ ಕರುವಿನ ಚರ್ಮದ ಮೇಲೆ ಚಿನ್ನ ಮತ್ತು ಬಣ್ಣಗಳಿಂದ ಇದನ್ನು ಬರೆಯಲಾಯಿತು. 1492ರಲ್ಲಿ ಸ್ಪೇನ್ ತನ್ನ ಯೆಹೂದಿಗಳನ್ನು ಹೊರಹಾಕಿದಾಗ ಇದೂ ಊರು ಬಿಟ್ಟಿತು. 1609ರಲ್ಲಿ ಇಟಲಿಯಲ್ಲಿ ಚರ್ಚಿನ ಪರಿಶೀಲಕನೊಬ್ಬ, ಆಕ್ಷೇಪಾರ್ಹವಾದದ್ದೇನೂ ಇಲ್ಲವೆಂದು ಕಂಡು ಪುಟದ ಮೇಲೆ ಸಹಿ ಹಾಕಿದ. ಆ ಸಹಿಯಿಂದಾಗಿ ಪುಸ್ತಕ ಬೆಂಕಿಗೆ ಬೀಳದೆ ಉಳಿಯಿತು. 1894ರಲ್ಲಿ ಸರಯೇವೊದ ಒಂದು ಕುಟುಂಬ ಇದನ್ನು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಮಾರಿತು. 1942ರಲ್ಲಿ ನಾಜಿ ಅಧಿಕಾರಿ ಕೇಳಿಕೊಂಡು ಬಂದಾಗ ಮುಸ್ಲಿಂ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್ ಅದನ್ನು ಹೊರಸಾಗಿಸಿ ಬೆಟ್ಟದ ಹಳ್ಳಿಯೊಂದಕ್ಕೆ ಮುಟ್ಟಿಸಿದ. 1992ರಲ್ಲಿ ನಗರ ಮುತ್ತಿಗೆಗೆ ಸಿಕ್ಕಿದಾಗ ಮತ್ತೊಬ್ಬ ಮುಸ್ಲಿಂ ವಿದ್ವಾಂಸ, ಎನ್ವರ್ ಇಮಾಮೊವಿಚ್, ಗುಂಡಿನ ದಾಳಿಯ ನಡುವೆ ಅದನ್ನು ಬ್ಯಾಂಕಿನ ನೆಲಮಾಳಿಗೆಗೆ ಒಯ್ದ. ಇಷ್ಟೆಲ್ಲ ಚರಿತ್ರೆಯ ನಡುವೆ ಅದರ ಹಾಳೆಗಳ ಮೇಲೆ ದ್ರಾಕ್ಷಾರಸದ ಕಲೆಗಳು ಹಾಗೇ ಉಳಿದಿವೆ. ಗಾಜಿನ ಪೆಟ್ಟಿಗೆ ಸೇರುವ ಮುನ್ನ ಅದು ಹಬ್ಬದ ಊಟದ ಮೇಜಿನ ಪುಸ್ತಕವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಮತ್ತು ಮಧ್ಯ ಯುರೋಪಿನ ಯೆಹೂದಿಗಳಿಗೆ ನಾಗರಿಕ ಹಕ್ಕುಗಳು ಹಂತಹಂತವಾಗಿ ಸಿಕ್ಕವು, ಚಿತ್ರಕಲಾ ಶಾಲೆಗಳ ಬಾಗಿಲು ತೆರೆಯಿತು. ಅಲ್ಲಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಸಮುದಾಯಕ್ಕಾಗಿ ವಸ್ತು ಮಾಡುವ ಕಸುಬುದಾರನ ಬದಲು ತನ್ನ ಹೆಸರಿನಲ್ಲಿ ಸಹಿ ಹಾಕುವ ಕಲಾವಿದ ಬಂದ. ತಾನು ಯಾರು ಎಂಬುದು ಅವನ ವೈಯಕ್ತಿಕ ಸಂಕಟವಾಯಿತು. ಈ ಸಂಕಟವನ್ನು ಮೌರಿತ್ಸಿ ಗಾಟ್‌ಲೀಬ್‌ನಷ್ಟು ತೀವ್ರವಾಗಿ ತೋರಿಸಿದವರು ಕಡಿಮೆ. ಈಗ ಉಕ್ರೇನಿನಲ್ಲಿರುವ ದ್ರೊಹೊಬಿಚ್‌ನಲ್ಲಿ 1856ರಲ್ಲಿ ಹುಟ್ಟಿದ ಈತ, ಪೋಲೆಂಡಿನ ಚಾರಿತ್ರಿಕ ಚಿತ್ರಗಳಿಗೆ ಹೆಸರಾದ ಯಾನ್ ಮಾತೆಯ್ಕೊನ ಶಿಷ್ಯ. ಹದಿನೆಂಟರ ಹರೆಯದಲ್ಲಿ ತನ್ನನ್ನು ಪೋಲಿಷ್ ಸರದಾರನ ಉಡುಪಿನಲ್ಲಿ ಚಿತ್ರಿಸಿಕೊಂಡ; ಎರಡು ವರ್ಷದ ನಂತರ ಅಹಷ್ವೇರೋಷನಾಗಿ. 1878ರಲ್ಲಿ ಬರೆದ, ಈಗ ಟೆಲ್ ಅವೀವ್ ಕಲಾ ಸಂಗ್ರಹಾಲಯದಲ್ಲಿರುವ ದೊಡ್ಡ ಚಿತ್ರದಲ್ಲಿ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರಿನಂದು ಮಂದಿರದಲ್ಲಿ ಜನ ಸೇರಿದ್ದಾರೆ. ಅವರ ನಡುವೆ ಗಾಟ್‌ಲೀಬ್ ಮೂರು ಸಲ ಇದ್ದಾನೆ: ಮಗುವಾಗಿ, ಬಾಲಕನಾಗಿ, ಕೈಗೆ ತಲೆಯಾನಿಸಿ ನಿಂತ ತರುಣನಾಗಿ. ಮೇಲೆ ಹೆಂಗಸರ ಸಾಲಿನಲ್ಲಿ, ಅವನೊಂದಿಗಿನ ನಿಶ್ಚಿತಾರ್ಥವನ್ನು ಮುರಿದುಕೊಂಡ ಲಾರಾ ಎರಡು ಸಲ ಇದ್ದಾಳೆ. ನಡುವೆ ಹಿರಿಯನೊಬ್ಬ ಹಿಡಿದ ತೋರಾದ ಹೊದಿಕೆಯ ಮೇಲೆ, ದಿವಂಗತ ಮೋಶೆ ಗಾಟ್‌ಲೀಬನ ನೆನಪಿಗಾಗಿ ಎಂದು ಹೀಬ್ರೂವಿನಲ್ಲಿ ಬರೆದಿದೆ. ಮೋಶೆ ಎಂಬುದು ಮೌರಿತ್ಸಿಯ ಹೀಬ್ರೂ ಹೆಸರು. ಬದುಕಿದ್ದ ಇಪ್ಪತ್ತೆರಡರ ತರುಣ ತನ್ನ ಸ್ಮರಣಫಲಕವನ್ನು ತಾನೇ ಬರೆದುಕೊಂಡಿದ್ದ; ಮರುವರ್ಷ ಕ್ರಾಕೋವ್‌ನಲ್ಲಿ ತೀರಿಕೊಂಡ.

ಇದೇ ಶತಮಾನದಲ್ಲಿ ಯೆಹೂದಿಗಳಿಗೆ ಕಲಾಪ್ರತಿಭೆಯೇ ಇಲ್ಲವೆಂಬ ವಾದವೂ ಗಟ್ಟಿಯಾಯಿತು. ಎರಡನೆಯ ಆಜ್ಞೆಯನ್ನು ತತ್ತ್ವಜ್ಞಾನಿ ಕಾಂಟ್ ಉದಾತ್ತತೆಯ ಮಾದರಿ ಎಂದು ಹೊಗಳಿದರೆ, ಸಂಗೀತಗಾರ ವಾಗ್ನರ್ 1850ರ ತನ್ನ ಕುಖ್ಯಾತ ಬರಹದಲ್ಲಿ ಕಲಾಸೃಷ್ಟಿಯ ಶಕ್ತಿಯೇ ಆ ಜನಾಂಗಕ್ಕಿಲ್ಲವೆಂದು ಬರೆದ. ಹೊಗಳಿಕೆ ಮತ್ತು ತೆಗಳಿಕೆ ಎರಡೂ ಒಂದೇ ತಪ್ಪು ತಿಳಿವಳಿಕೆಯ ಮೇಲೆ ನಿಂತಿದ್ದವು. ಇದಕ್ಕೆ ಉತ್ತರ ಕೊಡುವ ಹುಮ್ಮಸ್ಸಿನಲ್ಲಿ ಚಿಂತಕ ಮಾರ್ಟಿನ್ ಬೂಬರ್ ಮತ್ತು ಗೆಳೆಯರು, ಯೆಹೂದಿಗಳಿಗೆ ಸ್ವಂತ ನಾಡು ಬೇಕೆಂದ ಝಿಯೋನಿಸ್ಟ್ ಚಳವಳಿಯ 1901ರ ಸಮ್ಮೇಳನದಲ್ಲಿ ಯೆಹೂದಿ ಕಲಾವಿದರ ಪ್ರದರ್ಶನ ಏರ್ಪಡಿಸಿದರು. ಶಿಲ್ಪಿ ಬೋರಿಸ್ ಶಾಟ್ಸ್ 1906ರಲ್ಲಿ ಜೆರುಸಲೇಮಿನಲ್ಲಿ ಕಲಾಶಾಲೆ ತೆರೆದು ಅದಕ್ಕೆ ಬೆಚಲೇಲನ ಹೆಸರನ್ನೇ ಇಟ್ಟ. ಅತ್ತ ರಷ್ಯಾದಲ್ಲಿ ಆನ್‌ಸ್ಕಿ ಎಂಬ ಲೇಖಕ 1912ರಿಂದ 1914ರವರೆಗೆ ಹಳ್ಳಿಹಳ್ಳಿ ತಿರುಗಿ ಹಾಡು, ಕಥೆ, ಬಟ್ಟೆ, ಪಾತ್ರೆಗಳನ್ನು ಸಂಗ್ರಹಿಸಿದ. ಆ ಪ್ರದೇಶಗಳಲ್ಲಿದ್ದ, ಒಳಗೋಡೆಯ ತುಂಬ ಸಿಂಹ, ಜಿಂಕೆ, ಬಳ್ಳಿಗಳ ಚಿತ್ತಾರವಿದ್ದ ಮರದ ಪ್ರಾರ್ಥನಾಮಂದಿರಗಳಲ್ಲಿ ಹೆಚ್ಚಿನವು ಎರಡು ಮಹಾಯುದ್ಧಗಳಲ್ಲಿ ಬೂದಿಯಾದವು. ಗ್ವೋಜ್‌ಜೆತ್ಸ್ ಎಂಬ ಊರಿನ ಮಂದಿರದ ಚಾವಣಿಯನ್ನು ಹಳೆಯ ಛಾಯಾಚಿತ್ರಗಳನ್ನೂ ಅಳತೆಗಳನ್ನೂ ಆಧರಿಸಿ ವಾರ್ಸಾದ ಯೆಹೂದಿ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿದ್ದಾರೆ.

ಮಾರ್ಕ್ ಶಗಾಲ್ ಬಂದದ್ದು ಆ ಮರದ ಮನೆಗಳ ಲೋಕದಿಂದಲೇ, ಬೆಲಾರಸ್‌ನ ವಿತೆಬ್ಸ್ಕ್‌ನಿಂದ. 1938ರಲ್ಲಿ, ಜರ್ಮನಿಯಲ್ಲಿ ಮಂದಿರಗಳಿಗೆ ಬೆಂಕಿ ಬಿದ್ದ ವರ್ಷ, ಆತ ಶಿಲುಬೆಗೇರಿದ ಯೇಸುವನ್ನು ಬಿಳಿ ಬೆಳಕಿನಲ್ಲಿ ಚಿತ್ರಿಸಿದ. ಆ ಚಿತ್ರ ಈಗ ಷಿಕಾಗೋ ಕಲಾಸಂಸ್ಥೆಯಲ್ಲಿದೆ. ಯೇಸುವಿನ ಸೊಂಟಕ್ಕೆ ಸುತ್ತಿರುವುದು ಕಪ್ಪು ಪಟ್ಟೆಯ ತಲ್ಲಿತ್, ಅಂದರೆ ಯೆಹೂದಿಗಳು ಪ್ರಾರ್ಥನೆಗೆ ಹೊದೆಯುವ ಶಾಲು. ಸುತ್ತಲೂ ಉರಿಯುವ ಮಂದಿರ, ಬುಡಮೇಲಾದ ಮನೆಗಳು, ದೋಣಿಯಲ್ಲಿ ಕೈಚಾಚುವ ಜನ, ಬೆನ್ನಿಗೆ ಗಂಟು ಹೊತ್ತು ಓಡುವ ಮುದುಕ. ಯೇಸುವನ್ನು ಕೊಂದವರೆಂದು ಶತಮಾನಗಳಿಂದ ಯೆಹೂದಿಗಳನ್ನು ಹಿಂಸಿಸಿದ ಕ್ರೈಸ್ತ ಯುರೋಪಿಗೆ, ನಿಮ್ಮ ಶಿಲುಬೆಯ ಮೇಲಿರುವವನೂ ಯೆಹೂದಿಯೇ, ಇಂದು ಮತ್ತೆ ಅವನನ್ನೇ ಕೊಲ್ಲುತ್ತಿದ್ದೀರಿ ಎಂದು ಅವರದೇ ಪವಿತ್ರ ಚಿಹ್ನೆಯಲ್ಲಿ ಹೇಳಿದ ಚಿತ್ರ ಇದು.

ಐದು ವರ್ಷದ ನಂತರ ಬ್ರಸೆಲ್ಸ್‌ನಲ್ಲಿ ಅಡಗಿಕೊಂಡಿದ್ದ ಫೆಲಿಕ್ಸ್ ನುಸ್‌ಬೌಮ್‌ಗೆ ಇಂಥ ರೂಪಕದ ಹಂಗೂ ಬೇಕಾಗಲಿಲ್ಲ. 1943ರ ಆತನ ಸ್ವಚಿತ್ರದಲ್ಲಿ ಮೂಲೆಗೆ ಸಿಕ್ಕಿದ ಮನುಷ್ಯನೊಬ್ಬ ಕೋಟಿನ ಕಾಲರ್ ಎತ್ತಿ ಹಳದಿ ನಕ್ಷತ್ರವನ್ನು ತೋರಿಸುತ್ತಾನೆ; ಇನ್ನೊಂದು ಕೈಯಲ್ಲಿ ಗುರುತಿನ ಚೀಟಿ, ಅದರ ಮೇಲೆ ಫ್ರೆಂಚ್ ಮತ್ತು ಡಚ್ ಎರಡು ಭಾಷೆಗಳಲ್ಲಿ ಯೆಹೂದಿ ಎಂಬ ಕೆಂಪು ಮುದ್ರೆ. ಕಲಾವಿದನ ಗುರುತನ್ನು ಸರ್ಕಾರದ ಗುಮಾಸ್ತ ಬರೆದುಕೊಟ್ಟಿದ್ದ. 1944ರ ಬೇಸಿಗೆಯಲ್ಲಿ ಬೆಲ್ಜಿಯಂನಿಂದ ಆಶ್ವಿಟ್ಸ್‌ಗೆ ಹೊರಟ ಕೊನೆಯ ರೈಲಿನಲ್ಲಿ ಆತನನ್ನು ಒಯ್ದರು. ಬರ್ಲಿನ್ನಿನ ಶಾರ್ಲೊಟ್ ಸಾಲೊಮನ್ ದಕ್ಷಿಣ ಫ್ರಾನ್ಸಿನಲ್ಲಿ ಆಶ್ರಯ ಪಡೆದು, 1940ರಿಂದ 1942ರೊಳಗೆ ತನ್ನ ಕುಟುಂಬದ ಕಥೆಯನ್ನು ಏಳುನೂರಕ್ಕೂ ಹೆಚ್ಚು ಬಣ್ಣದ ಹಾಳೆಗಳಲ್ಲಿ, ಚಿತ್ರದ ಮೇಲೆಯೇ ಮಾತುಗಳನ್ನು ಬರೆದು ಹೇಳಿದಳು. 1943ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದಾಗ ಅವಳಿಗೆ ಇಪ್ಪತ್ತಾರು ವರ್ಷ, ಅವಳು ಗರ್ಭಿಣಿ.

ಯುದ್ಧದ ನಂತರ ಅಮೆರಿಕದಲ್ಲಿ ಮಾರ್ಕ್ ರಾಥ್ಕೊ, ಬಾರ್ನೆಟ್ ನ್ಯೂಮನ್‌ರಂಥವರು ಆಕೃತಿಯೇ ಇಲ್ಲದ ಬಣ್ಣದ ವಿಸ್ತಾರಗಳನ್ನು ಬರೆದಾಗ, ಇದು ಎರಡನೆಯ ಆಜ್ಞೆಯ ಫಲವೇ ಎಂದು ಕೇಳಿದವರಿದ್ದಾರೆ. ಇದು ಸ್ವಲ್ಪ ಎಳೆದು ತಂದ ವಾದವೆಂದೇ ನನ್ನ ಅಭಿಪ್ರಾಯ. ಅದೇ ಹಾದಿ ಹಿಡಿದ ಕಲಾವಿದರಲ್ಲಿ ಯೆಹೂದಿಗಳಲ್ಲದವರೂ ಬೇಕಾದಷ್ಟಿದ್ದರು. 1966ರಲ್ಲಿ ನ್ಯೂಯಾರ್ಕಿನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿ ಮಾತನಾಡಿದ ವಿಮರ್ಶಕ ಹೆರಾಲ್ಡ್ ರೋಸೆನ್‌ಬರ್ಗ್, ಮೊದಲು ಯೆಹೂದಿ ವಸ್ತುಸಂಗ್ರಹಾಲಯ ಕಟ್ಟುತ್ತಾರೆ, ಆಮೇಲೆ ಯೆಹೂದಿ ಕಲೆ ಎಂಬುದುಂಟೇ ಎಂದು ಕೇಳುತ್ತಾರೆ ಎಂದು ತನ್ನವರನ್ನೇ ಗೇಲಿ ಮಾಡಿದ್ದ. ಹುಟ್ಟಿನಿಂದ ಯೆಹೂದಿಯಾದವನು ಬರೆದದ್ದೆಲ್ಲ ಯೆಹೂದಿ ಕಲೆ ಎಂದರೆ ಮಂಗಳೂರಿನ ಪತ್ರಗಳು ಹೇಳುವ ಕಂಚುಗಾರರು ಹೊರಗುಳಿಯುತ್ತಾರೆ. ಅದಕ್ಕಿಂತ, ಆ ವಸ್ತು ಯಾರ ನೆನಪಿನ ಕೆಲಸ ಮಾಡುತ್ತಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಭಾರತದ ಯೆಹೂದಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಮಂದಿರದ ನೆಲಕ್ಕೆ ಹಾಸಿರುವುದು ಚೀನಾದಿಂದ ತರಿಸಿದ ನೀಲಿ-ಬಿಳಿ ಬಿಲ್ಲೆಗಳನ್ನು. ಅದನ್ನು ತುಳಿಯುವ ಮುನ್ನ ನಮ್ಮ ದೇವಸ್ಥಾನಗಳಲ್ಲಿನಂತೆ ಚಪ್ಪಲಿ ಕಳಚಬೇಕು. ಅಲ್ಲೇ ಸಮೀಪದ, ಹದಿನಾರನೆಯ ಶತಮಾನದ ಕಡವುಂಭಾಗಂ ಮಂದಿರದ ಮರದ ಕೆತ್ತನೆಯ ಒಳಾಂಗಣವನ್ನು ಬಿಚ್ಚಿ ಒಯ್ದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಮತ್ತೆ ಜೋಡಿಸಿದ್ದಾರೆ. ಮಲಯಾಳಿ ಬಡಗಿಗಳ ಕುಶಲತೆಯ ಚಾವಣಿಯ ಕೆಳಗೆ ನಿಂತು ಇಸ್ರೇಲಿನ ಮಕ್ಕಳು ತಮ್ಮ ಪೂರ್ವಿಕರ ಬಗ್ಗೆ ಕೇಳಿ ತಿಳಿಯುತ್ತಾರೆ.

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು, ಮರಾಠಿ ಮಾತನಾಡುವವರು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬೆಂಕಿಯ ರಥವೇರಿ ಸ್ವರ್ಗಕ್ಕೆ ಹೋದ ಪ್ರವಾದಿ ಎಲೀಯನ ಪಟ ಅವರ ಮನೆಗಳ ಗೋಡೆಯ ಮೇಲೆ ತೂಗುತ್ತದೆ. ಹರಕೆ ಹೊತ್ತಾಗ, ಹರಕೆ ತೀರಿದಾಗ ಎಲೀಯನ ಹೆಸರಿನಲ್ಲಿ ಮಲೀದಾ ಎಂಬ ತಟ್ಟೆ ಸಿದ್ಧವಾಗುತ್ತದೆ: ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಸುತ್ತ ಹಣ್ಣುಗಳನ್ನು ಜೋಡಿಸಿ, ಹೀಬ್ರೂ ಪ್ರಾರ್ಥನೆ ಹೇಳಿ ಹಂಚುತ್ತಾರೆ. ಎಲೀಯ ಕಾಣಿಸಿಕೊಂಡದ್ದು ಯಾವುದೋ ದೂರದ ದೇಶದಲ್ಲಿ ಮಾತ್ರವಲ್ಲ ಎಂಬುದು ಅವರ ನಂಬಿಕೆ. ಅಲಿಬಾಗ್ ಹತ್ತಿರದ ಖಂಡಾಳೆ ಎಂಬ ಹಳ್ಳಿಯಲ್ಲಿ ಒಂದು ಬಂಡೆಯಿದೆ. ಅದರ ಮೇಲೆ ಕಾಣುವ ಗೆರೆಗಳು ಆತನ ರಥ ಮೇಲೇರುವಾಗ ಮೂಡಿದ ಗಾಲಿಗಳ ಗುರುತು ಎಂದು ಹಿರಿಯರು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಾರೆ.